ಹಿನ್ನೆಲೆಯ ಮಸುಕಿಗೂ ಒಂದು ಗುಣವಿದೆ

ಸಿಂಗಪುರದ ಪಶ್ಚಿಮ ಭಾಗದಲ್ಲಿರುವ ಕ್ಲೆಮೆಂಟಿ, ಸಾಲುಸಾಲು ಎಚ್‌ಡಿಬಿ ವಸತಿ ಕಟ್ಟಡಗಳ ನಡುವೆಯೂ ಕಾಡು, ಕಾಲುವೆ ಮತ್ತು ಹಳೆಯ ರೈಲುದಾರಿಯ ಕುರುಹುಗಳನ್ನು ಉಳಿಸಿಕೊಂಡಿರುವ ಬಡಾವಣೆ. 1988ರಲ್ಲಿ ಇಲ್ಲಿ ಎಂಆರ್‌ಟಿ ರೈಲು ನಿಲ್ದಾಣ ತೆರೆದಿದ್ದು, ಜನವಸತಿ ದಟ್ಟವಾಗಿದ್ದರೂ, ಕಾಂಕ್ರೀಟ್ ದಂಡೆಗಳ ನಡುವೆ ಹರಿಯುವ ಉಲು ಪಾಂಡಾನ್ ನದಿಯ ಬದಿಯಲ್ಲಿ ಮಿಂಚುಳ್ಳಿ, ಬೂದು ಬಕ, ಬೆಳ್ಳಕ್ಕಿಗಳು ಇಂದಿಗೂ ಮೀನು ಹಿಡಿಯುತ್ತವೆ ಮತ್ತು ನೀರುನಾಯಿಗಳ ಗುಂಪು ಆಗಾಗ ಕಾಣಿಸಿಕೊಳ್ಳುತ್ತದೆ. ಮಲೇಷ್ಯಾದ ರೈಲುಗಳ ಓಡಾಟ 2011ರಲ್ಲಿ ನಿಂತ ಬಳಿಕ ಹಸಿರು ನಡಿಗೆದಾರಿಯಾಗಿ ರೂಪುಗೊಂಡ, ಸುಮಾರು 24 ಕಿಲೋಮೀಟರ್ ಉದ್ದದ ರೈಲ್ ಕಾರಿಡಾರ್ ಕೂಡ ಕ್ಲೆಮೆಂಟಿ ಕಾಡಿನ ಅಂಚಿನಲ್ಲೇ ಹಾದುಹೋಗುತ್ತದೆ. ಹೀಗಾಗಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಹಕ್ಕಿಗಳ ಛಾಯಾಗ್ರಹಣಕ್ಕೆ ಅವಕಾಶವಿರುವ ಈ ಪ್ರದೇಶವು, ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರಿಸುವ ಟೆಲಿಫೋಟೊ ಲೆನ್ಸುಗಳ ಗುಣಾವಗುಣಗಳನ್ನು ಒರೆಗೆ ಹಚ್ಚಲು ಒಳ್ಳೆಯ ಕ್ಷೇತ್ರವಾಗಿದೆ.

ಇಂಥ ಲೆನ್ಸುಗಳನ್ನು ಹೋಲಿಸುವಾಗ ಸಾಮಾನ್ಯವಾಗಿ ಹಕ್ಕಿಯ ಗರಿಗರಿಯೂ ಎಷ್ಟು ಸ್ಪಷ್ಟವಾಗಿ ಮೂಡಿದೆ ಎಂಬುದನ್ನೇ ನೋಡಲಾಗುತ್ತದೆ. ಆದರೆ ಚಿತ್ರದ ಚೌಕಟ್ಟಿನಲ್ಲಿ ಹಕ್ಕಿ ಆವರಿಸುವ ಜಾಗ ಬಹುಮಟ್ಟಿಗೆ ಚಿಕ್ಕದು. ಉಳಿದ ಭಾಗವೆಲ್ಲ ಹಿನ್ನೆಲೆಯೇ. ಅದು ಬೆಣ್ಣೆಯಂತೆ ಕರಗಿ ನಿಂತರೆ ನೋಡುವವರ ಕಣ್ಣು ನೇರವಾಗಿ ಹಕ್ಕಿಯ ಮೇಲೆ ನೆಲೆಸುತ್ತದೆ, ಗೆರೆಗೆರೆಯಾಗಿ ಒಡೆದು ಕಂಡರೆ ಎಷ್ಟೇ ಸ್ಪಷ್ಟವಾದ ಚಿತ್ರವೂ ಕಣ್ಣಿಗೆ ಕಿರಿಕಿರಿಯಾಗುತ್ತದೆ. ಫೋಕಸ್ ತಪ್ಪಿದ ಭಾಗದ ಈ ಮಸುಕಿನ ಗುಣವನ್ನು ಛಾಯಾಗ್ರಾಹಕರು ಜಪಾನೀ ಮೂಲದ ‘ಬೊಕೆ’ ಎಂಬ ಹೆಸರಿನಿಂದ ಕರೆಯುತ್ತಾರೆ. 1997ರಲ್ಲಿ ಅಮೆರಿಕದ ‘ಫೋಟೊ ಟೆಕ್ನಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನಗಳ ಮೂಲಕ ಜಪಾನಿನ ಹೊರಗೆ ಪ್ರಚಾರಕ್ಕೆ ಬಂದ ಈ ವಿಚಾರದಲ್ಲಿ ಎರಡು ಬೇರೆಬೇರೆ ಪ್ರಶ್ನೆಗಳು ಅಡಗಿವೆ: ಮಸುಕು ಎಷ್ಟು ಎಂಬುದು ಮೊದಲನೆಯದು, ಅದು ಎಂಥದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸರಳವಾದ ಲೆಕ್ಕವಿದೆ; ಎರಡನೆಯದನ್ನು ಲೆನ್ಸಿನ ವಿನ್ಯಾಸವು ನಿರ್ಧರಿಸುತ್ತದೆ.

ಮಸುಕಿನ ಅಳತೆ

ಲೆನ್ಸು ಒಂದು ನಿರ್ದಿಷ್ಟ ದೂರಕ್ಕೆ ಫೋಕಸ್ ಆದಾಗ, ಆ ದೂರದಲ್ಲಿರುವ ಪ್ರತಿಯೊಂದು ಬಿಂದುವಿನಿಂದ ಬಂದ ಬೆಳಕೂ ಕ್ಯಾಮೆರಾದ ಸೆನ್ಸರ್ ಮೇಲೆ ಬಿಂದುವಾಗಿಯೇ ಕೂಡಿಕೊಳ್ಳುತ್ತದೆ. ಅದಕ್ಕಿಂತ ಹಿಂದೆ ಅಥವಾ ಮುಂದೆ ಇರುವ ಬಿಂದುಗಳ ಬೆಳಕು ಹಾಗೆ ಕೂಡಿಕೊಳ್ಳದೆ ದುಂಡನೆಯ ಬಿಲ್ಲೆಯಾಗಿ ಹರಡುತ್ತದೆ. ಮಸುಕಾದ ಹಿನ್ನೆಲೆಯೆಂದರೆ ಇಂಥ ಲೆಕ್ಕವಿಲ್ಲದಷ್ಟು ಬಿಲ್ಲೆಗಳು ಒಂದರ ಮೇಲೊಂದು ಬಿದ್ದು ಉಂಟಾದ ಚಿತ್ರ. ರಾತ್ರಿಯ ಬೀದಿದೀಪಗಳ ಚಿತ್ರದಲ್ಲಿ ಈ ಬಿಲ್ಲೆಗಳು ಬಿಡಿಬಿಡಿಯಾಗಿಯೇ ಕಾಣುತ್ತವೆ.

ಬಿಲ್ಲೆಯ ಗಾತ್ರವನ್ನು ನಿರ್ಧರಿಸುವ ಮುಖ್ಯ ಅಂಶವೆಂದರೆ ಬೆಳಕು ಒಳಹೊಗುವ ಕಿಂಡಿಯ ವ್ಯಾಸ. ಲೆನ್ಸಿನ ಮೇಲೆ ನಮೂದಾಗಿರುವ ಫೋಕಲ್ ಲೆಂತ್, ಅಂದರೆ ಶಾಲಾ ಪಠ್ಯಗಳು ಸಂಗಮದೂರ ಎಂದು ಕರೆಯುವ ಅಳತೆಯನ್ನು, ಅದರ ಪಕ್ಕದ ಎಫ್ ಸಂಖ್ಯೆಯಿಂದ ಭಾಗಿಸಿದರೆ ಈ ವ್ಯಾಸ ದೊರೆಯುತ್ತದೆ. 200 ಮಿ.ಮೀ. ಎಫ್/2.8 ಲೆನ್ಸಿನ ಕಿಂಡಿ ಸುಮಾರು 71 ಮಿ.ಮೀ. ಇದ್ದರೆ, 400 ಮಿ.ಮೀ. ಎಫ್/5.6 ಲೆನ್ಸಿನದೂ ಅಷ್ಟೇ ಇರುತ್ತದೆ. 300 ಮಿ.ಮೀ. ಎಫ್/4 ಲೆನ್ಸಿನದು 75, 600 ಮಿ.ಮೀ. ಎಫ್/6.3ರಲ್ಲಿ ಬಳಸುವ ಜೂಮ್ ಲೆನ್ಸಿನದು 95, ಮತ್ತು ಭಾರೀ ಬೆಲೆಯ 600 ಮಿ.ಮೀ. ಎಫ್/4 ಲೆನ್ಸಿನದು 150 ಮಿ.ಮೀ. ಆಗುತ್ತದೆ. ಕ್ಯಾನನ್ ಕಂಪನಿ 2020ರಲ್ಲಿ ಹೊರತಂದ ಹಗುರವಾದ 600 ಮಿ.ಮೀ. ಎಫ್/11 ಲೆನ್ಸಿನ ಕಿಂಡಿ ಸುಮಾರು 55 ಮಿ.ಮೀ. ಮಾತ್ರ.

ಈ ವ್ಯಾಸದಿಂದ ಹಿನ್ನೆಲೆಯ ಮಸುಕನ್ನು ಅಂದಾಜು ಮಾಡುವ ಸುಲಭ ಮಾರ್ಗವೊಂದನ್ನು ಕೆನಡಾದ ಹೆರಾಲ್ಡ್ ಮರ್ಕ್ಲಿಂಗರ್ ತಮ್ಮ ಬರಹಗಳಲ್ಲಿ ವಿವರಿಸಿದ್ದಾರೆ. ಸೆನ್ಸರಿನ ಮೇಲೆ ಬಿಲ್ಲೆ ಎಷ್ಟು ದೊಡ್ಡದೆಂದು ಲೆಕ್ಕ ಹಾಕುವ ಬದಲು, ಅದೇ ಬಿಲ್ಲೆಯನ್ನು ಹಕ್ಕಿಯ ಪಕ್ಕದಲ್ಲಿಟ್ಟರೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅಳೆಯುವುದು ಇದರ ಸಾರ. ಬಹಳ ದೂರದ ಹಿನ್ನೆಲೆಯ ಪ್ರತಿ ಬಿಂದುವೂ ಹಕ್ಕಿಯ ಸ್ಥಾನದಲ್ಲಿ ಲೆನ್ಸಿನ ಕಿಂಡಿಯಷ್ಟೇ ಅಗಲವಾಗಿ ಹರಡುತ್ತದೆ. ಹಿನ್ನೆಲೆ ಹತ್ತಿರವಿದ್ದರೆ, ಹಕ್ಕಿಯಿಂದ ಹಿನ್ನೆಲೆಗಿರುವ ಅಂತರವನ್ನು ಕ್ಯಾಮೆರಾದಿಂದ ಹಿನ್ನೆಲೆಗಿರುವ ಒಟ್ಟು ದೂರದಿಂದ ಭಾಗಿಸಿ, ಬಂದದ್ದನ್ನು ಕಿಂಡಿಯ ವ್ಯಾಸದಿಂದ ಗುಣಿಸಬೇಕು.

ಉಲು ಪಾಂಡಾನ್ ದಂಡೆಯ ಕಂಬಿಯ ಮೇಲೆ, ಕ್ಯಾಮೆರಾದಿಂದ 10 ಮೀಟರ್ ದೂರದಲ್ಲಿ ಮಿಂಚುಳ್ಳಿಯೊಂದು ಕುಳಿತಿದೆ ಎಂದು ಭಾವಿಸಿದರೆ ಈ ಲೆಕ್ಕದ ಮಹತ್ವ ಸ್ಪಷ್ಟವಾಗುತ್ತದೆ. ಅದರ ಹಿಂದಿನ ಪೊದೆ ಕೇವಲ 2 ಮೀಟರ್ ದೂರದಲ್ಲಿದ್ದಾಗ, 150 ಮಿ.ಮೀ. ಕಿಂಡಿಯ ದೈತ್ಯ ಲೆನ್ಸಿನಲ್ಲಿಯೂ ಬಿಲ್ಲೆಯ ಅಗಲ 25 ಮಿ.ಮೀ. ಮಾತ್ರ, ಸುಮಾರು 24 ಸೆಂಟಿಮೀಟರ್ ಉದ್ದದ ಹಕ್ಕಿಯ ಪಕ್ಕದಲ್ಲಿ ಇದು ಹತ್ತನೇ ಒಂದು ಭಾಗವಾದ್ದರಿಂದ ಪೊದೆಯ ಕಡ್ಡಿಗಳು ಕಡ್ಡಿಗಳಾಗಿಯೇ ಕಾಣುತ್ತವೆ. ಅದೇ ಹಕ್ಕಿಯ ಹಿಂದೆ ಪೊದೆಯ ಬದಲು 30 ಮೀಟರ್ ಆಚೆಯ ಎದುರು ದಂಡೆಯ ಹಸಿರು ಬರುವಂತೆ ನಿಂತರೆ, 55 ಮಿ.ಮೀ. ಕಿಂಡಿಯ ಅಗ್ಗದ ಎಫ್/11 ಲೆನ್ಸಿನಲ್ಲಿಯೇ ಬಿಲ್ಲೆ 41 ಮಿ.ಮೀ.ವರೆಗೆ ಹಿಗ್ಗುತ್ತದೆ. ಲಕ್ಷಾಂತರ ರೂಪಾಯಿಯ ಲೆನ್ಸು ಕೊಡಲಾಗದ ಮಸುಕನ್ನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಪಡೆಯಬಹುದು ಎಂಬುದು ಟೆಲಿಫೋಟೊ ಛಾಯಾಗ್ರಹಣದ ಮೊದಲ ಪಾಠ.

ಇಲ್ಲಿ ಎರಡು ವಿಚಾರಗಳನ್ನು ಸೇರಿಸಬೇಕಾಗುತ್ತದೆ. ಲೆನ್ಸಿನ ಹಿಂದೆ ಜೋಡಿಸುವ ಟೆಲಿಕನ್ವರ್ಟರ್ ಫೋಕಲ್ ಲೆಂತ್ ಮತ್ತು ಎಫ್ ಸಂಖ್ಯೆ ಎರಡನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸುವುದರಿಂದ ಕಿಂಡಿಯ ವ್ಯಾಸ ಬದಲಾಗುವುದಿಲ್ಲ. ಹಕ್ಕಿಯೂ ಮಸುಕಿನ ಬಿಲ್ಲೆಯೂ ಚೌಕಟ್ಟಿನಲ್ಲಿ ಒಟ್ಟಿಗೆ ದೊಡ್ಡದಾಗುತ್ತವೆ, ಅಷ್ಟೆ. ಸೆನ್ಸರ್ ಚಿಕ್ಕದಾಗಿರುವ ಕ್ಯಾಮೆರಾಗಳಿಗೂ ಇದೇ ನಿಯಮ ಅನ್ವಯಿಸುವುದರಿಂದ, ಒಂದೇ ಜಾಗದಲ್ಲಿ ನಿಂತು ಒಂದೇ ಕಿಂಡಿಯ ಲೆನ್ಸುಗಳನ್ನು ಬಳಸಿದಾಗ, ಸೆನ್ಸರ್ ಯಾವುದಾದರೂ ಹಕ್ಕಿಗೆ ಹೋಲಿಸಿದ ಮಸುಕಿನ ಪ್ರಮಾಣ ಒಂದೇ ಆಗಿರುತ್ತದೆ.

ಬಿಲ್ಲೆಯ ಅಂಚು

ಗಾತ್ರದಲ್ಲಿ ಸರಿಸಮವಾದ ಮಸುಕನ್ನು ಕೊಡುವ ಎರಡು ಲೆನ್ಸುಗಳ ಚಿತ್ರಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಕ್ಕೆ ಕಾರಣ ಬಿಲ್ಲೆಯೊಳಗೆ ಬೆಳಕು ಹಂಚಿಕೆಯಾಗುವ ರೀತಿಯಲ್ಲಿದೆ. ಬಿಲ್ಲೆಯ ಮಧ್ಯಭಾಗ ಬೆಳಗಿದ್ದು ಅಂಚಿನ ಕಡೆಗೆ ಬೆಳಕು ಮೆಲ್ಲನೆ ಕುಂದುತ್ತ ಹೋದರೆ ಅಕ್ಕಪಕ್ಕದ ಬಿಲ್ಲೆಗಳು ಗುರುತಿಲ್ಲದಂತೆ ಬೆರೆತು ಹಿನ್ನೆಲೆ ನುಣುಪಾಗುತ್ತದೆ. ಅಂಚೇ ಉಳಿದ ಭಾಗಕ್ಕಿಂತ ಹೆಚ್ಚು ಬೆಳಗಿದರೆ ಪ್ರತಿ ಕಡ್ಡಿಯೂ ಎರಡೆರಡು ಗೆರೆಗಳಾಗಿ, ಪ್ರತಿ ಎಲೆಯೂ ಕೊರೆದಿಟ್ಟ ಉಂಗುರವಾಗಿ ತೋರುತ್ತದೆ.

ಇದರ ಮೂಲ ಗೋಳೀಯ ವಿಪಥನವೆಂಬ ದೋಷದಲ್ಲಿದೆ. ಗೋಳಾಕಾರದ ಮೇಲ್ಮೈಯುಳ್ಳ ಮಸೂರದ ಅಂಚಿನಲ್ಲಿ ಹಾದುಹೋಗುವ ಕಿರಣಗಳು ಮಧ್ಯದಲ್ಲಿ ಹಾದುಹೋಗುವ ಕಿರಣಗಳು ಕೂಡುವ ಸ್ಥಳದಲ್ಲಿಯೇ ಕೂಡುವುದಿಲ್ಲ ಎಂಬುದೇ ಈ ದೋಷ. ವಿನ್ಯಾಸಕಾರರು ಹಲವು ಮಸೂರಗಳನ್ನು ಜೋಡಿಸಿ ಇದನ್ನು ಸರಿಪಡಿಸುತ್ತಾರೆ. ಸರಿಪಡಿಸುವಿಕೆ ಅಗತ್ಯಕ್ಕಿಂತ ಹೆಚ್ಚಾದರೆ ಹಿನ್ನೆಲೆಯ ಬಿಲ್ಲೆಗಳಿಗೆ ಬೆಳಗುವ ಅಂಚು ಬರುತ್ತದೆ, ಸ್ವಲ್ಪ ಕಡಿಮೆಯಾದರೆ ಹಿನ್ನೆಲೆ ನುಣುಪಾಗುತ್ತದೆ. ಆದರೆ ಹಿನ್ನೆಲೆ ನುಣುಪಾದಾಗ, ಹಕ್ಕಿಯ ಮುಂದೆ ಅಡ್ಡ ಬಂದ ಹುಲ್ಲಿನಂಥ ಮುನ್ನೆಲೆಯ ಮಸುಕು ಒರಟಾಗುತ್ತದೆ. ಎರಡೂ ಕಡೆ ಸಮಾನ ನುಣುಪನ್ನು ಈ ಮಾರ್ಗದಿಂದ ಪಡೆಯಲಾಗದು. ಹೀಗಾಗಿ ಸ್ಪಷ್ಟತೆ ಮತ್ತು ಮಸುಕಿನ ನುಣುಪು ಇವೆರಡರ ನಡುವೆ ವಿನ್ಯಾಸಕಾರರು ಒಂದು ಸಮತೋಲನವನ್ನು ಆಯ್ದುಕೊಳ್ಳಬೇಕಾಗುತ್ತದೆ, ಆ ಆಯ್ಕೆಯೇ ಲೆನ್ಸಿನ ಸ್ವಭಾವವಾಗಿ ಚಿತ್ರದಲ್ಲಿ ಮೂಡುತ್ತದೆ.

ಈ ಆಯ್ಕೆಯನ್ನು ಛಾಯಾಗ್ರಾಹಕರ ಕೈಗೇ ಒಪ್ಪಿಸುವ ಪ್ರಯತ್ನಗಳೂ ನಡೆದಿವೆ. ನಿಕಾನ್ 1990ರಲ್ಲಿ ತಂದ 135 ಮಿ.ಮೀ. ಎಫ್/2 ಡಿಸಿ ಲೆನ್ಸಿನಲ್ಲಿ ಬಳೆಯೊಂದನ್ನು ತಿರುಗಿಸಿ ಹಿನ್ನೆಲೆ ಅಥವಾ ಮುನ್ನೆಲೆ ಯಾವುದು ನುಣುಪಾಗಬೇಕೆಂದು ನಿರ್ಧರಿಸಬಹುದಾಗಿತ್ತು. ಕ್ಯಾನನ್ 2021ರಲ್ಲಿ ತನ್ನ 100 ಮಿ.ಮೀ. ಮ್ಯಾಕ್ರೊ ಲೆನ್ಸಿನಲ್ಲಿ ಇದೇ ತತ್ತ್ವದ ಬಳೆಯನ್ನು ಅಳವಡಿಸಿತು. ಮಿನೋಲ್ಟಾ 1999ರಲ್ಲಿ ಹೊರತಂದ 135 ಮಿ.ಮೀ. ಎಸ್‌ಟಿಎಫ್ ಲೆನ್ಸು ಬೇರೊಂದು ದಾರಿ ಹಿಡಿಯಿತು. ಮಧ್ಯದಲ್ಲಿ ತಿಳಿಯಾಗಿದ್ದು ಅಂಚಿನ ಕಡೆಗೆ ಕ್ರಮೇಣ ಕಪ್ಪಾಗುತ್ತ ಹೋಗುವ ಗಾಜೊಂದನ್ನು ಅದರೊಳಗೆ ಸೇರಿಸಿದ್ದರಿಂದ ಬಿಲ್ಲೆಯ ಅಂಚು ಕರಗಿಹೋಗುತ್ತದೆ, ಹಿನ್ನೆಲೆ ಮತ್ತು ಮುನ್ನೆಲೆ ಎರಡೂ ನುಣುಪಾಗುತ್ತವೆ. ಇದಕ್ಕೆ ತೆರಬೇಕಾದ ಬೆಲೆ ಬೆಳಕು: ಎಫ್/2.8 ಎಂದು ಕರೆಯಲಾದ ಆ ಲೆನ್ಸು ವಾಸ್ತವದಲ್ಲಿ ಎಫ್/4.5 ಲೆನ್ಸಿನಷ್ಟೇ ಬೆಳಕನ್ನು ಒಳಬಿಡುತ್ತದೆ. ಸೋನಿ 2017ರಲ್ಲಿ ತಂದ 100 ಮಿ.ಮೀ. ಎಸ್‌ಟಿಎಫ್ ಲೆನ್ಸು ಇದೇ ವಂಶದ್ದು.

ಬಿಲ್ಲೆಯ ಆಕಾರವೂ ಮುಖ್ಯ. ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿದಾಗ ಅದರ ಲೋಹದ ಎಸಳುಗಳು ಬಿಲ್ಲೆಗೆ ಬಹುಭುಜದ ರೂಪ ಕೊಡುತ್ತವೆ. ಎಸಳುಗಳ ಅಂಚು ಬಾಗಿದ್ದರೆ ದುಂಡುತನ ಸ್ವಲ್ಪ ಮಟ್ಟಿಗೆ ಉಳಿಯುತ್ತದೆ. ಕಿಂಡಿಯನ್ನು ಪೂರ್ತಿ ತೆರೆದಾಗ ಚೌಕಟ್ಟಿನ ಮೂಲೆಗಳಲ್ಲಿ ಲೆನ್ಸಿನ ಕೊಳವೆಯೇ ಬೆಳಕಿಗೆ ಅಡ್ಡ ಬಂದು ಬಿಲ್ಲೆಗಳು ಬೆಕ್ಕಿನ ಕಣ್ಣಿನಂತೆ ಕಿರಿದಾಗುತ್ತವೆ. ನಿಕಾನ್ 2023ರಲ್ಲಿ ಬಿಡುಗಡೆ ಮಾಡಿದ ‘ಪ್ಲೆನಾ’ ಎಂಬ 135 ಮಿ.ಮೀ. ಎಫ್/1.8 ಲೆನ್ಸು ಮೂಲೆಗಳವರೆಗೂ ಬಿಲ್ಲೆಯ ದುಂಡುತನವನ್ನು ಕಾಯ್ದುಕೊಳ್ಳುವ ಉದ್ದೇಶದಿಂದಲೇ ವಿನ್ಯಾಸಗೊಂಡಿದೆ. ಗೋಳಾಕಾರವಲ್ಲದ ಮಸೂರಗಳನ್ನು ಅಚ್ಚಿನಲ್ಲಿ ಒತ್ತಿ ತಯಾರಿಸುವಾಗ ಮೇಲ್ಮೈಯಲ್ಲಿ ಉಳಿಯುವ ಅತಿಸೂಕ್ಷ್ಮ ಗೀರುಗಳು ಬಿಲ್ಲೆಯೊಳಗೆ ಈರುಳ್ಳಿ ಹೋಳಿನ ಸುತ್ತುಗಳಂತೆ ಕಾಣಿಸುವುದೂ ಉಂಟು. ಸೋನಿಯು 2016ರಲ್ಲಿ ಆರಂಭಿಸಿದ ಜಿ ಮಾಸ್ಟರ್ ಶ್ರೇಣಿಯಲ್ಲಿ ಈ ಮೇಲ್ಮೈಗಳ ನಯಗಾರಿಕೆಗೆ ವಿಶೇಷ ಗಮನ ಕೊಟ್ಟಿತು. ಬಣ್ಣಗಳು ಬೇರೆಬೇರೆ ದೂರದಲ್ಲಿ ಕೂಡುವ ವರ್ಣವಿಪಥನ ಉಳಿದಿದ್ದರೆ ಹಿನ್ನೆಲೆಯ ಅಂಚುಗಳಿಗೆ ಹಸಿರು ಛಾಯೆಯೂ ಮುನ್ನೆಲೆಯ ಅಂಚುಗಳಿಗೆ ನೇರಳೆಗೆಂಪು ಛಾಯೆಯೂ ಬರುತ್ತದೆ.

ಲೆನ್ಸುಗಳ ಸ್ವಭಾವ ಭೇದ

ಈ ಹಿನ್ನೆಲೆಯಲ್ಲಿ ಬಳಕೆಯಲ್ಲಿರುವ ಟೆಲಿಫೋಟೊ ಲೆನ್ಸುಗಳನ್ನು ನಾಲ್ಕು ಬಗೆಯಾಗಿ ನೋಡಬಹುದು. ಮೊದಲನೆಯದು 300 ಮಿ.ಮೀ. ಎಫ್/2.8, 400 ಮಿ.ಮೀ. ಎಫ್/2.8, 600 ಮಿ.ಮೀ. ಎಫ್/4ರಂಥ ಭಾರವಾದ, ಫೋಕಲ್ ಲೆಂತ್ ಬದಲಾಗದ ಏಕದೂರ ಲೆನ್ಸುಗಳು. ಇವುಗಳ ಬಲವಿರುವುದು ದೊಡ್ಡ ಕಿಂಡಿ ಮತ್ತು ಎಚ್ಚರಿಕೆಯ ವಿನ್ಯಾಸದಲ್ಲಿ. ಹಿನ್ನೆಲೆ ಸಾಕಷ್ಟು ದೂರವಿದ್ದರೆ ಇವುಗಳ ಮಸುಕಿನಲ್ಲಿ ರೂಪಗಳೇ ಉಳಿಯುವುದಿಲ್ಲ, ಬಣ್ಣಗಳು ಮಾತ್ರ ಉಳಿಯುತ್ತವೆ. ತೂಕ ಮತ್ತು ಬೆಲೆ ಎರಡೂ ಇವುಗಳನ್ನು ಹೆಚ್ಚಿನವರ ಕೈಗೆಟುಕದಂತೆ ಮಾಡಿವೆ.

ಎರಡನೆಯದು 100–400, 150–600, 200–600 ಮಿ.ಮೀ. ವ್ಯಾಪ್ತಿಯ ಜೂಮ್ ಲೆನ್ಸುಗಳು. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಇವುಗಳಲ್ಲಿ ಹಲವು ಮಸೂರಗಳು ಚಲಿಸಬೇಕಾಗಿರುವುದರಿಂದ ಎಲ್ಲ ಫೋಕಲ್ ಲೆಂತ್‌ಗಳಲ್ಲೂ ಒಂದೇ ಬಗೆಯ ಮಸುಕನ್ನು ಕಾಯ್ದುಕೊಳ್ಳುವುದು ಕಷ್ಟ. ದೂರದ ಸರಳ ಹಿನ್ನೆಲೆಯಲ್ಲಿ ತೃಪ್ತಿಕರ ಚಿತ್ರ ಕೊಡುವ ಜೂಮ್ ಲೆನ್ಸು, ಹಕ್ಕಿಯ ಹಿಂದೆ ಎರಡು-ಮೂರು ಮೀಟರ್‌ನಲ್ಲಿ ಕಡ್ಡಿಗಳಿದ್ದಾಗ ಜೋಡಿ ಗೆರೆಗಳನ್ನು ತೋರಿಸಬಹುದು. ಆದ್ದರಿಂದ ಜೂಮ್ ಲೆನ್ಸಿನ ಗುಣವನ್ನು ಪೂರ್ತಿ ಕರಗಿದ ಹಿನ್ನೆಲೆಯ ಚಿತ್ರಗಳಿಂದ ಅಳೆಯಲಾಗದು. ಅರೆಬರೆ ಮಸುಕಾದ ವಲಯದಲ್ಲಿಯೇ ಲೆನ್ಸುಗಳ ವ್ಯತ್ಯಾಸ ಬಯಲಾಗುತ್ತದೆ.

ಮೂರನೆಯದು ಬೆಳಕನ್ನು ಸೂಕ್ಷ್ಮ ವೃತ್ತಾಕಾರದ ಗೀರುಗಳಿಂದ ಬಾಗಿಸುವ ವಿಶೇಷ ಮಸೂರವುಳ್ಳ ಹಗುರ ಲೆನ್ಸುಗಳು. ಕ್ಯಾನನ್ 2001ರಲ್ಲಿ ಡಿಒ ಎಂಬ ಹೆಸರಿನಲ್ಲಿ ತಂದ 400 ಮಿ.ಮೀ. ಎಫ್/4 ಲೆನ್ಸು, ನಿಕಾನ್ ಪಿಎಫ್ ಎಂಬ ಹೆಸರಿನಲ್ಲಿ 2015ರಲ್ಲಿ ತಂದ 300 ಮಿ.ಮೀ. ಎಫ್/4 ಮತ್ತು 2018ರಲ್ಲಿ ತಂದ 500 ಮಿ.ಮೀ. ಎಫ್/5.6 ಲೆನ್ಸುಗಳು ಈ ಬಗೆಯವು. ಕೈಯಲ್ಲೇ ಹಿಡಿದು ನಡೆಯುವವರಿಗೆ ಇವು ವರದಾನವೇ ಸರಿ; ಆದರೆ ಚೌಕಟ್ಟಿನಲ್ಲಿ ಪ್ರಖರ ದೀಪವೋ ನೀರಿನ ಮೇಲಿನ ಸೂರ್ಯನ ಹೊಳಪೋ ಇದ್ದಾಗ ಅದರ ಸುತ್ತ ಬಣ್ಣದ ಉಂಗುರ ಕಾಣಿಸುವ ಸಾಧ್ಯತೆಯನ್ನು ಮರೆಯಬಾರದು.

ನಾಲ್ಕನೆಯದು ಕನ್ನಡಿ ಲೆನ್ಸು. ದೂರದರ್ಶಕದಂತೆ ಎರಡು ಕನ್ನಡಿಗಳ ನಡುವೆ ಬೆಳಕನ್ನು ಮಡಚುವುದರಿಂದ 500 ಮಿ.ಮೀ. ಎಫ್/8 ಲೆನ್ಸು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗುತ್ತದೆ, ಅಗ್ಗಕ್ಕೂ ಸಿಗುತ್ತದೆ. ಮುಂಭಾಗದ ನಡುವೆ ಕುಳಿತ ಚಿಕ್ಕ ಕನ್ನಡಿ ಬೆಳಕಿನ ಮಧ್ಯಭಾಗವನ್ನು ತಡೆಯುವುದರಿಂದ ಮಾತ್ರ ಪ್ರತಿಯೊಂದು ಬಿಲ್ಲೆಯೂ ತೂತಿರುವ ಉದ್ದಿನವಡೆಯಾಗಿಬಿಡುತ್ತದೆ. ಬಿಸಿಲಲ್ಲಿ ಹೊಳೆಯುವ ಉಲು ಪಾಂಡಾನ್ ನೀರಿನ ಮುಂದೆ ನಿಂತ ಬೆಳ್ಳಕ್ಕಿಯನ್ನು ಇಂಥ ಲೆನ್ಸಿನಿಂದ ತೆಗೆದರೆ ಹಿನ್ನೆಲೆಯ ತುಂಬ ಉಂಗುರಗಳೇ ಮೂಡುತ್ತವೆ. ಮೋಡ ಕವಿದ ಹೊತ್ತಿನಲ್ಲಿ, ಸಮನಾದ ಹುಲ್ಲಿನ ಹಿನ್ನೆಲೆಯಲ್ಲಿ ಅದೇ ಲೆನ್ಸು ತಕ್ಕಮಟ್ಟಿನ ಚಿತ್ರವನ್ನೇ ಕೊಡುತ್ತದೆ.

ಮೊಬೈಲ್ ಫೋನುಗಳ ‘ಪೋರ್ಟ್ರೇಟ್’ ಸೌಲಭ್ಯ ಈ ಯಾವ ಗುಂಪಿಗೂ ಸೇರದು. 2016ರಲ್ಲಿ ಐಫೋನ್ 7 ಪ್ಲಸ್ ಮೂಲಕ ಹೆಚ್ಚು ಪ್ರಚಾರಕ್ಕೆ ಬಂದ ಈ ತಂತ್ರದಲ್ಲಿ ಯಾವ ಭಾಗ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಿ ಮಸುಕನ್ನು ಗಣಕವೇ ಬರೆಯುತ್ತದೆ. ಮನುಷ್ಯರ ಮುಖಕ್ಕೆ ಇದು ಒಪ್ಪುವಷ್ಟು ಹಕ್ಕಿಗಳ ಬಿಡಿಗರಿಗಳಿಗೂ ಹುಲ್ಲಿನ ಎಸಳುಗಳಿಗೂ ಒಪ್ಪುವುದಿಲ್ಲ. ಅಂಥ ಅಂಚುಗಳಲ್ಲಿ ಅಂದಾಜು ತಪ್ಪುವುದು ಸುಲಭ.

ಬೆಳಕು, ಎಲೆ ಮತ್ತು ಗಾಳಿ

ಸಮಭಾಜಕದಿಂದ ಒಂದೂವರೆ ಡಿಗ್ರಿಯೊಳಗೇ ಇರುವ ಸಿಂಗಪುರದಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ನೆತ್ತಿಯ ಸಮೀಪವೇ ಇರುತ್ತಾನೆ. ಮಳೆಯಲ್ಲಿ ನೆನೆದ ಎಲೆಗಳು ಆ ಬಿಸಿಲಿಗೆ ಕನ್ನಡಿಚೂರುಗಳಂತೆ ಹೊಳೆಯುತ್ತವೆ, ರಸ್ತೆಬದಿಯ ಮಳೆಮರಗಳ ಸಣ್ಣಸಣ್ಣ ಎಲೆಗಳ ಸಂದುಗಳಿಂದ ಬೆಳ್ಳನೆಯ ಆಕಾಶ ಸಾವಿರ ಚುಕ್ಕೆಗಳಾಗಿ ಇಣುಕುತ್ತದೆ. ಬೆಂಗಳೂರಿನ ಹಳೆಯ ಬೀದಿಗಳಲ್ಲೂ ಕಾಣುವ ಇದೇ ಮರದ ಮೇಲಾವರಣ ಲೆನ್ಸಿನ ಮಸುಕಿಗೆ ಅತ್ಯಂತ ಕಠಿಣವಾದ ಪರೀಕ್ಷೆ. ಪ್ರತಿ ಚುಕ್ಕೆಯೂ ಒಂದು ಬಿಲ್ಲೆಯಾಗುವುದರಿಂದ ಅಂಚಿನ ದೋಷ ಸಾವಿರಪಟ್ಟು ಎದ್ದು ಕಾಣುತ್ತದೆ. ಬೆಳಗಿನ ಓರೆ ಬೆಳಕಿನಲ್ಲಿ, ನೆರಳಿನಲ್ಲಿರುವ ಎದುರು ದಂಡೆಯನ್ನು ಹಿನ್ನೆಲೆಯಾಗಿ ಆರಿಸಿಕೊಂಡರೆ ಸಾಧಾರಣ ಲೆನ್ಸೂ ಸೌಮ್ಯವಾಗುತ್ತದೆ.

ಲೆನ್ಸಿನದಲ್ಲದ ತಪ್ಪನ್ನು ಲೆನ್ಸಿನ ಮೇಲೆ ಹೊರಿಸುವುದೂ ಉಂಟು. ಬಿಸಿಯೇರಿದ ಕಾಂಕ್ರೀಟ್ ದಂಡೆಯ ಮೇಲೆ ಏಳುವ ಬಿಸಿಗಾಳಿ ಬೆಳಕಿನ ದಾರಿಯನ್ನು ನಡುಗಿಸುವುದರಿಂದ, ಮಧ್ಯಾಹ್ನದ ಹೊತ್ತು ದೂರದ ಹಿನ್ನೆಲೆ ಗೆರೆಗೆರೆಯಾಗಿ ಒಡೆದು ಕಾಣುತ್ತದೆ, ಹಕ್ಕಿಯ ಸ್ಪಷ್ಟತೆಯೂ ಹಾಳಾಗುತ್ತದೆ. ಎರಡು ಲೆನ್ಸುಗಳನ್ನು ಹೋಲಿಸುವವರು ಒಂದೇ ಹೊತ್ತಿನಲ್ಲಿ, ಒಂದೇ ಸ್ಥಳದಿಂದ ಚಿತ್ರ ತೆಗೆಯದಿದ್ದರೆ ಅವರು ಹೋಲಿಸುವುದು ಗಾಳಿಯನ್ನೇ ಹೊರತು ಗಾಜನ್ನಲ್ಲ.

ನಿಲ್ಲುವ ಎತ್ತರವೂ ಹಿನ್ನೆಲೆಯನ್ನು ಬದಲಿಸುತ್ತದೆ. ನೆಲದ ಮೇಲಿನ ಹಕ್ಕಿಯನ್ನು ನಿಂತುಕೊಂಡು ತೆಗೆದರೆ ಅದರ ಹಿಂದಿನ ನೆಲವೇ ಹಿನ್ನೆಲೆಯಾಗುತ್ತದೆ. ಕುಳಿತು ಕ್ಯಾಮೆರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ಹಿನ್ನೆಲೆ ಹತ್ತಾರು ಮೀಟರ್ ದೂರಕ್ಕೆ ಸರಿಯುತ್ತದೆ. ಹಾಗೆಯೇ ಎಚ್‌ಡಿಬಿ ಕಟ್ಟಡದ ಮೇಲಂತಸ್ತಿನ ಮೊಗಸಾಲೆಯಿಂದ ಮರದ ತುದಿಯ ಹಕ್ಕಿಯನ್ನು ನೋಡಿದಾಗ, ಕೆಳಗಿನಿಂದ ಕಾಣುವ ಬೆಳ್ಳನೆಯ ಆಕಾಶದ ಬದಲು ದೂರದ ಹಸಿರು ಹಿನ್ನೆಲೆಯಾಗಿ ಒದಗುತ್ತದೆ.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಹಿರಿಯರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಮತ್ತು ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದ ಫಿಲ್ಮ್ ಯುಗದಲ್ಲಿ, ತೆಗೆದ ಚಿತ್ರವನ್ನು ಆ ಕ್ಷಣದಲ್ಲೇ ನೋಡಿ ತಿದ್ದಿಕೊಳ್ಳುವ ಅನುಕೂಲವಿರಲಿಲ್ಲ. ಗುಂಡಿ ಒತ್ತುವ ಮೊದಲೇ ಹಿನ್ನೆಲೆಯನ್ನು ಕಣ್ಣಿನಿಂದ ಅಳೆದು ಜಾಗ ಹಿಡಿಯುವ ಶಿಸ್ತು ಆ ಕಾಲದ ಅನಿವಾರ್ಯತೆಯಾಗಿತ್ತು. ಇಂದಿನ ಉಪಕರಣಗಳು ಎಷ್ಟೇ ಮುಂದುವರಿದಿದ್ದರೂ ಆ ಶಿಸ್ತಿಗೆ ಬದಲಿಯಾಗಿಲ್ಲ.

ಕೊಳ್ಳುವ ಮುನ್ನ

ಸಿಂಗಪುರದಲ್ಲಿ ಬಳಸಿದ ಲೆನ್ಸುಗಳನ್ನು ಮಾರುವ ಅಂಗಡಿಗಳು ಸಿಟಿ ಹಾಲ್ ಬಳಿಯ ಪೆನಿನ್ಸುಲಾ ಶಾಪಿಂಗ್ ಸೆಂಟರಿನಂಥ ಕಡೆ ಇಂದಿಗೂ ಇವೆ. ಅಂಥಲ್ಲಿ ಕೊಳ್ಳುವವರು ಸರಳವಾದ ಪರೀಕ್ಷೆಯೊಂದನ್ನು ಮಾಡಬಹುದು. ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದಿಟ್ಟು, ಹತ್ತಿರದ ವಸ್ತುವೊಂದಕ್ಕೆ ಫೋಕಸ್ ಮಾಡಿ, ದೂರದ ಚಿಕ್ಕ ದೀಪವೊಂದನ್ನು ಮೊದಲು ಚೌಕಟ್ಟಿನ ನಡುವೆ, ಬಳಿಕ ಮೂಲೆಯಲ್ಲಿ ಇರಿಸಿ ಚಿತ್ರ ತೆಗೆಯಬೇಕು. ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಅಂಚು ಹೊಳೆಯುತ್ತಿದೆಯೇ, ಒಳಗೆ ಸುತ್ತುಗಳಿವೆಯೇ, ಬಣ್ಣದ ಗೆರೆಯಿದೆಯೇ, ಮೂಲೆಯಲ್ಲಿ ಆಕಾರ ಎಷ್ಟು ಕಿರಿದಾಗಿದೆ ಎಂಬುದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಗಾಜಿನೊಳಗೆ ಸೇರಿದ ದೂಳು ಕಪ್ಪು ಚುಕ್ಕೆಗಳಾಗಿಯೂ, ಸಿಂಗಪುರದಂಥ ತೇವದ ಹವೆಯಲ್ಲಿ ಸುಲಭವಾಗಿ ಬೆಳೆಯುವ ಬೂಷ್ಟು ಬಳ್ಳಿಬಳ್ಳಿಯಾದ ಎಳೆಗಳಾಗಿಯೂ ಅದೇ ಬಿಲ್ಲೆಯೊಳಗೆ ಮೂಡುವುದರಿಂದ ಲೆನ್ಸಿನ ಆರೋಗ್ಯವೂ ಗೊತ್ತಾಗುತ್ತದೆ. ಕೊಂಡ ಮೇಲೆ ಅದನ್ನು ತೇವಾಂಶ ನಿಯಂತ್ರಿಸುವ ಪೆಟ್ಟಿಗೆಯಲ್ಲಿ ಇಡುವುದು ಅಲ್ಲಿ ಎಷ್ಟು ಅಗತ್ಯವೋ ಕರಾವಳಿ ಮತ್ತು ಮಲೆನಾಡಿನಲ್ಲೂ ಅಷ್ಟೇ ಅಗತ್ಯ.

ಒಳ್ಳೆಯ ಹಿನ್ನೆಲೆಗಾಗಿ ಕೊಂಬೆ ಕಡಿಯುವುದಾಗಲಿ, ಆಹಾರ ಚೆಲ್ಲಿ ಹಕ್ಕಿಯನ್ನು ಬೇಕಾದ ಕಡೆ ಕೂರಿಸುವುದಾಗಲಿ ಸಲ್ಲದು. ವನ್ಯಜೀವಿಗಳಿಗೆ ಆಹಾರ ಹಾಕುವುದನ್ನು ಸಿಂಗಪುರದ ಕಾನೂನು 2020ರಿಂದ ದ್ವೀಪದಾದ್ಯಂತ ನಿಷೇಧಿಸಿದೆ. ಕಾನೂನು ಇರಲಿ ಇಲ್ಲದಿರಲಿ, ಹಕ್ಕಿಯ ನೆಮ್ಮದಿಗಿಂತ ಚಿತ್ರದ ಅಂದ ದೊಡ್ಡದಲ್ಲ.

ಟೆಲಿಫೋಟೊ ಲೆನ್ಸುಗಳ ಹೋಲಿಕೆಯಲ್ಲಿ ಕೊನೆಗೆ ನಿಲ್ಲುವ ತೀರ್ಮಾನ ಇಷ್ಟು. ಮಸುಕಿನ ಗಾತ್ರಕ್ಕೆ ಕಿಂಡಿಯ ವ್ಯಾಸವೂ ಹಿನ್ನೆಲೆಯ ದೂರವೂ ಕಾರಣ, ಇವುಗಳಲ್ಲಿ ಎರಡನೆಯದಕ್ಕೆ ಹಣ ಬೇಕಿಲ್ಲ. ಮಸುಕಿನ ಗುಣಕ್ಕೆ ಬಿಲ್ಲೆಯ ಅಂಚು ಕಾರಣ, ಅದನ್ನು ಜಾಹೀರಾತಿನ ಅಂಕಿಗಳು ಹೇಳುವುದಿಲ್ಲ. ಆದ್ದರಿಂದ ಲೆನ್ಸು ಕೊಳ್ಳಬೇಕೆಂದಿರುವವರು ಮೊದಲು ಈಗಿರುವ ಲೆನ್ಸಿನಿಂದಲೇ ಹಿನ್ನೆಲೆಯನ್ನು ದೂರವಿರಿಸಿ ಚಿತ್ರ ತೆಗೆಯುವ ಅಭ್ಯಾಸ ಮಾಡಿಕೊಳ್ಳಲಿ. ಆಮೇಲೂ ಹೊಸದು ಬೇಕೆನಿಸಿದರೆ ಒಂದು ದೀಪದ ಬಿಲ್ಲೆಯನ್ನು ಕಣ್ಣಾರೆ ನೋಡಿಯೇ ಹಣ ಕೊಡಲಿ.